ಟೋಲ ಹಳ್ಳಕ್ಕೆ ಬಿದ್ದ ದಿನ

ನಮ್ಮಣ್ಣ ಗುರಲಿಂಗಪ್ಪನನ್ನು ಜನ ತೋಳ ಎಂದು ಕರೆಯುತ್ತಿದ್ದರು. ಅವನು ಯಾರ ಕುರಿಯನ್ನೂ ಹಿಡಿದವನಲ್ಲ. ಇರುವೆ ಕಚ್ಚಿದರೂ ಊದಿ ಬಿಡುವ ಪ್ರಾಣಿ ಅದು. ತಪ್ಪೆಲ್ಲ ಒಂದು ಇಂಗ್ರೇಜಿ ಮಾತಿನದು, ಮತ್ತು ಕಾಳವ್ವನ ಕಿವಿಯದು.

ಎರಡನೇ ಮಹಾ ಲಡಾಯಿ ಮುಗಿದ ಮರುವರ್ಷ ವಿಜಾಪುರದಿಂದ ತಿಕೋಟಾಕ್ಕೆ ಕಡಿ ಹಾಕಿ ಹೊಸ ರಸ್ತೆ ಮಾಡಿದರು. ಅದರ ಖರ್ಚು ಹುಟ್ಟುವವರೆಗೆ ಗಾಡಿ, ಮೋಟಾರು, ಕುರಿ, ದನ ಎಲ್ಲದಕ್ಕೂ ಟೋಲು ಎಂದು ಹುಕುಂ ಬಂತು. ದಾರಿಯಲ್ಲಿ ಒಂದು ಹಳ್ಳ ಅಡ್ಡ ಹರಿಯುತ್ತಿತ್ತು. ಅದರ ತಿಕೋಟಾ ಕಡೆಯ ದಂಡೆಗೆ ನಾಕಾ ಕಟ್ಟಿ, ಅಡ್ಡ ಒಂದು ಗಳ ಇಳಿಬಿಟ್ಟು, ಅದನ್ನು ಎತ್ತಿ ಇಳಿಸುವ ನೌಕರಿಗೆ ನಮ್ಮಣ್ಣನನ್ನು ಕೂಡಿಸಿದರು. ಹೊಸ ರಸ್ತೆ ಹಳ್ಳದ ಈಚೆಗೂ ಇತ್ತು, ಆಚೆಗೂ ಇತ್ತು. ಹಳ್ಳದೊಳಗೆ ಮಾತ್ರ ಕೆಸರೇ ಇತ್ತು; ಸೇತುವೆ ಮುಂದೆ ನೋಡೋಣ ಎಂದಿದ್ದರು. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಮೋಟಾರು ಅಲ್ಲಿಗೆ ಬಂದು ಕುಸಿದು ನಿಲ್ಲುತ್ತಿತ್ತು. ಟಿಕೀಟು ತೆಗೆಸಿದವರೇ ಇಳಿದು ನೂಕಬೇಕು.

ಮೊದಲನೇ ದಿನ ಕುರಿ ಹೊಡೆದುಕೊಂಡು ಬಂದವಳು ತಿಕೋಟಾದ ಕಾಳವ್ವ. "ಅಲ್ಲೇ ನಿಂದ್ರಬೇ, ಇಲ್ಲಿ ಟೋಲ ಐತಿ," ಎಂದು ಅಣ್ಣ ದೂರದಿಂದಲೇ ಕೂಗಿದ. ಟೋಲ ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿಲ್ಲ. ತೋಳ ಎಂಬುದನ್ನು ದಿನಾ ಕೇಳುತ್ತಾಳೆ. ಯಾರದೋ ಜೋಳದ ಹೊಲ ತುಳಿಸಿಕೊಂಡು ಕುರಿಗಳ ಸಮೇತ ಊರಿಗೆ ಓಡಿದಳು. ತಾಸು ಹೊತ್ತಿನಲ್ಲಿ ಊರ ಗಂಡಸರು ಬಡಿಗೆ ಹಿಡಿದು ಬಂದರು. ನೋಡಿದರೆ ನಮ್ಮಣ್ಣ ಚಹಾ ಕುಡಿಯುತ್ತ ಕೂತಿದ್ದಾನೆ. "ತೋಳ ಎಲ್ಲೈತೋ?" ಎಂದರು. ಅವನಿಗೆ ಕೇಳಿಸಿದ್ದು ಟೋಲ. ಎದೆ ಮುಟ್ಟಿಕೊಂಡು, "ನನ್ನ ಕಡೇನ ಐತ್ರಿ. ಸಾಲಾಗಿ ಬರ್ರಿ," ಎಂದ. ಅಂದು ಅಂಟಿದ ಹೆಸರು ಹೋಗಲೇ ಇಲ್ಲ.

ಅವನ ಹಟವೂ ಕಡಿಮೆಯದಲ್ಲ ಬಿಡಿ. ಗಳದ ಮುಂದೆ ನಿಂತನೆಂದರೆ ಅವನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ರೊಟ್ಟಿ ಕೊಡಲು ಗಾಡಿ ಹೂಡಿಕೊಂಡು ಹೋದರೆ ನನಗೂ ಟೋಲು ಕೇಳಿದ. ರೊಟ್ಟಿ ವಾಪಸು ಒಯ್ಯುತ್ತೇನೆ ಎಂದ ಮೇಲೆ ತನ್ನ ಕಿಸೆಯಿಂದ ತಾನೇ ಹಾಕಿದ. "ರಸ್ತಿ ಮುಗಲಿಂದ ಉದರತೈತೇನು? ನಡದವರು ಕೊಡಬೇಕವಾ," ಎನ್ನುತ್ತಿದ್ದ.

ಈ ಹಟವೇ ನೀಲಾಬಾಯಿಯ ಲಗ್ನಕ್ಕೆ ಅಡ್ಡ ಬಂತು. ನೀಲಾಬಾಯಿ ಅವನ ಒಬ್ಬಳೇ ಮಗಳು. ತಾಯಿ ಸತ್ತ ಮೇಲೆ ವಿಜಾಪುರದ ನಮ್ಮ ಮನೆಯಲ್ಲಿ ನನ್ನ ಮಡಿಲಲ್ಲೇ ಬೆಳೆದವಳು. ಬಬಲೇಶ್ವರದಲ್ಲಿ ಬಳಗದವರ ಮದುವೆಗೆ ಹೋದಾಗ ತಿಕೋಟಾದ ಹತ್ತಿ ವ್ಯಾಪಾರಿ ಬಸಗೊಂಡಪ್ಪನ ಮಗ ಅವಳನ್ನು ನೋಡಿ ಒಪ್ಪಿದ್ದ. ಅವಳೂ ಒಪ್ಪಿದ್ದಳು. ಎಷ್ಟು ಒಪ್ಪಿದ್ದಳೆಂದರೆ, ಹಂಚಿನ ಮೇಲೆ ರೊಟ್ಟಿ ಸೀದರೂ ಅವಳಿಗೆ ವಾಸನೆ ಬರುತ್ತಿರಲಿಲ್ಲ. ಆದರೆ ಬಸಗೊಂಡಪ್ಪ ಟೋಲಿನ ಕಡುವೈರಿ. ನಾಕಾ ತಪ್ಪಿಸಲು ಹತ್ತಿ ಗಾಡಿಗಳನ್ನು ಹೊಲದ ಮೇಲೆ ಸುತ್ತು ಹಾಕಿಸುತ್ತಿದ್ದ. ನಿಶ್ಚಯಕ್ಕೆ ಬರುವ ಮುಂಚೆ ಹೇಳಿ ಕಳಿಸಿದ: "ಐತವಾರ ಬರ್ತೀವಿ. ಗಳ ಎತ್ತಿದ್ರ ಬೀಗರು. ಇಳಿಸಿದ್ರ ಗಾಡಿ ಹೊಳ್ಳಸ್ತೀನಿ."

"ನಿನ್ನ ಕಿಸೇದಾಗಿಂದ ಹಾಕೋ ಯಣ್ಣಾ," ಎಂದೆ. ಬಸಗೊಂಡಪ್ಪ ಆ ದಾರಿಯನ್ನೂ ಕಟ್ಟಿದ್ದ. ಬೀಗನ ರೊಕ್ಕದಲ್ಲಿ ಹಳ್ಳ ದಾಟಿದರೆ ಅವನ ಮಾನ ಹೋಗುತ್ತದಂತೆ.

"ಹಂಗಾರ ಸುಮ್ನ ಗಳ ಎತ್ತು."

"ಬೀಗಗ ಎತ್ತಿದ್ರ ನಾಳಿ ಕಾಳವ್ವನ್ನ ಯಾವ ಮಾರಿ ಹೊತ್ತು ಕೇಳ್ಲಿ?" ಎಂದು ಮುಖ ತಿರುಗಿಸಿದ. ನನಗೆ ಮೈಯೆಲ್ಲ ಉರಿಯಿತು. ನೀಲಾಬಾಯಿ ಒಲೆಯ ಮುಂದೆ ಕೂತು ಅತ್ತಳು.

ಐತವಾರ ಬೀಗರನ್ನು ಎದುರುಗೊಳ್ಳಲು ನಾನು ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ಹಿಡಿದು ನಾಕಾಕ್ಕೆ ಹೋಗಿ ನಿಂತೆ. ತಿಕೋಟಾದ ಗಾಡಿಗಳು ಬಂದವು. ಗಳ ಇಳಿದೇ ಇತ್ತು. ಅವುಗಳ ಹಿಂದೆ ಕಾಳವ್ವ ಕುರಿಗಳ ಜೊತೆ ತಮಾಷೆ ನೋಡಲು ನಿಂತಳು.

"ಸೇತುವಿ ಎಲ್ಲೈತಿ? ಕೂಸು ಹುಟ್ಟೂ ಮೊದಲ ಕುಲಾಯಿಗೆ ರೊಕ್ಕ ಕೇಳ್ತಿ?" ಎಂದ ಬಸಗೊಂಡಪ್ಪ.

"ರೊಕ್ಕ ಕೂಡಿದ ಮ್ಯಾಲ ಸೇತುವಿ ಆಗತೈತ್ರಿ," ಎಂದ ಅಣ್ಣ.

"ಸೇತುವಿ ಆದ ಮ್ಯಾಲ ರೊಕ್ಕ ಕೊಡ್ತೀನಿ."

ಇಬ್ಬರ ಮಾತೂ ಖರೆ. ಅದಕ್ಕೇ ಜಗಳ ಮುಗಿಯಲಿಲ್ಲ. ಕಡೆಗೆ ಬಸಗೊಂಡಪ್ಪ ಗಾಡಿಯವನಿಗೆ, "ಹೊಳ್ಳಸಲೇ," ಎಂದ. ನನಗೆ ತಡೆಯಲಿಲ್ಲ. ತಂಬಿಗೆ ಎತ್ತಿಕೊಂಡು ಅಣ್ಣನ ಮೈಮೇಲೆ ಹೋದೆ. "ಗಳ ಎತ್ತತಿಯೋ ಇಲ್ಲೋ?" ಎಂದೆ. ಅವನು ಹಿಂದಕ್ಕೆ ಸರಿದ. ಮತ್ತೆ ಸರಿದ. ತಲೆಯ ಪಟಕಾ ಸಮೇತ ಹಳ್ಳದ ಕೆಸರಿಗೆ ಬಿದ್ದ.

"ಬಿತ್ತು ನೋಡ್ರಿ ತೋಳ ಹಳ್ಳಕ್ಕ," ಎಂದಳು ಕಾಳವ್ವ. "ಇನ್ನ ಆಳಿಗೊಂದು ಕಲ್ಲು."

ಗಾದೆ ಎಲ್ಲರಿಗೂ ಗೊತ್ತಿದ್ದದ್ದೇ. ಬೀಗರ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸಗೊಂಡಪ್ಪನೂ ನಗುತ್ತ ಇಳಿದು ಬಂದು, ಚೇಷ್ಟೆಗೆ ಒಂದು ಕಲ್ಲು ಎತ್ತಿಕೊಂಡ. ಅಣ್ಣ ಕೆಸರಿನಲ್ಲಿ ಕೂತೇ ಆ ಕಲ್ಲು ನೋಡಿದ, ತನ್ನ ಕಾಲು ಹುಗಿದ ಜಾಗ ನೋಡಿದ.

"ಹಾಕ್ರಿ ಬೀಗರ," ಎಂದ. "ನನ್ನ ಮ್ಯಾಲ ಅಲ್ಲರಿ, ಇಲ್ಲಿ ಕೆಸರಾಗ. ಆಳಿಗೊಂದು ಕಲ್ಲು ಹಾಕಿದ್ರ ಇವತ್ತಿನ ಟೋಲ ಮುಟ್ಟಿತು."

"ಬೀಗರಿಗಷ್ಟನೋ, ನನಗೂನೋ?" ಎಂದಳು ಕಾಳವ್ವ.

"ನಿನಗೂ ಅಷ್ಟ ಬೇ."

ಬಸಗೊಂಡಪ್ಪ ಕಲ್ಲನ್ನು ಕೈಯಲ್ಲಿ ಹೊರಳಿಸಿ ವಿಚಾರ ಮಾಡಿದ. "ನಾ ರೊಕ್ಕ ಕೊಟ್ಟಂಗ ಆಗಲಿಲ್ಲ, ಹೌದಿಲ್ಲೋ?"

"ಇಲ್ಲರಿ. ನಾ ಪುಕಟ ಬಿಟ್ಟಂಗೂ ಆಗಲಿಲ್ಲ."

ಬಿಳಿ ಧೋತರ ಎತ್ತಿ ಕಟ್ಟಿ ಬಸಗೊಂಡಪ್ಪನೇ ಮೊದಲ ಕಲ್ಲು ಹಾಕಿದ. ಅವನ ಬಳಗದವರು ಅಷ್ಟಕ್ಕೇ ಬಿಡದೆ ಬದುವಿನ ಬಂಡೆಗಳನ್ನೇ ಹೊರಳಿಸಿ ತಂದರು. ಗಳ ಎದ್ದಿತು. ಗಾಡಿಗಳು ಕಲ್ಲಿನ ಮೇಲೆ ಗಡಗಡ ಎನ್ನುತ್ತ ಹಳ್ಳ ದಾಟಿದವು. ನಾನು ಬೆಲ್ಲ ಕೊಟ್ಟೆ, ಅಣ್ಣನಿಗೆ ತಂಬಿಗೆಯ ನೀರು ಸುರಿದೆ.

ಮುಂದೆ ಮೇಲಿನ ಸಾಹೇಬರು ತಪಾಸಣೆಗೆ ಬಂದರು. "ಐತವಾರದ ವಸೂಲಿ ಎಲ್ಲಿ ತುಂಬಿದಿ?" ಎಂದು ಕೇಳಿದರು.

"ಹಳ್ಳದಾಗ ತುಂಬೇನ್ರಿ, ಸಾಹೇಬ್ರ."

ಸಾಹೇಬರ ಟಾಂಗಾ ಅಂದು ಮೊದಲ ಸಲ ಹುಗಿಯದೆ ಹಳ್ಳ ದಾಟಿತ್ತು. ಹಾಗಾಗಿ ಬೈದು, ಅಷ್ಟನ್ನು ಪಗಾರದಲ್ಲಿ ಮುರಿದುಕೊಂಡು ಬಿಟ್ಟರು. ಕಡೆಗೂ ಬೀಗನ ಟೋಲು ಅಣ್ಣನ ಕಿಸೆಯಿಂದಲೇ ಹೋಯಿತು. ಈ ಮಾತನ್ನು ಬಸಗೊಂಡಪ್ಪನ ಕಿವಿಗೆ ನಾವು ಬೀಳಗೊಡಲಿಲ್ಲ.

ಲಗ್ನವಾಗಿ ನೀಲಾಬಾಯಿ ಗಂಡನ ಮನೆಗೆ ಹೊರಟ ದಿನ ಅವಳ ಗಾಡಿ ಹಳ್ಳದ ಬಳಿ ನಿಂತಿತು. ಮಗಳನ್ನು ಕಳಿಸಿಕೊಡಲು ಗಾಡಿಗಿಂತ ಮುಂಚೆಯೇ ಬಂದಿದ್ದ ಅಣ್ಣ ಗಳ ಹಿಡಿದು ನಿಂತಿದ್ದ. ಅವಳು ಇಳಿದು, ಸೆರಗಿನ ಗಂಟು ಬಿಚ್ಚಿ, ನಮ್ಮ ಅಂಗಳದ ಒಂದು ಕಲ್ಲು ತೆಗೆದು ಕೆಸರಿಗೆ ಇಟ್ಟಳು.

"ಯಪ್ಪಾ, ನನ್ನ ಟೋಲ."

ಅಣ್ಣ ಗಳ ಎತ್ತಿದ.

"ಹೋಗುವಾಗ ಇರ್ಲಿ," ಎಂದ. "ಹೊಳ್ಳಿ ಬರುವಾಗ ಬ್ಯಾಡವ್ವ. ತವರಿಗೆ ಬರೂ ಗಾಡಿಗೆ ಟೋಲ ಇಲ್ಲ."

ಅಂಥ ಕಾಯಿದೆಯನ್ನು ಯಾವ ಸರಕಾರವೂ ಮಾಡಿರಲಿಲ್ಲ. ಹಿಂದೆ ಕುರಿ ತರುಬಿಕೊಂಡು ನಿಂತಿದ್ದ ಕಾಳವ್ವನಿಗೆ ಆ ಮಾತು ಸರಿಯಾಗಿಯೇ ಕೇಳಿಸಿತು. ಆದರೂ ಅವಳು ಈ ಸಲ 'ನನಗೂನೋ' ಎಂದು ಕೇಳದೆ ಒಂದು ಕಲ್ಲು ಹುಡುಕಿ ತಂದು ಹಳ್ಳಕ್ಕೆ ಹಾಕಿದಳು.