ಸುಂದರಬಾಯಿಯ ಶೇವಿನ ಮಷೀನು

ಸುಂದರಬಾಯಿಯ ಬಗ್ಗೆ ಹೇಳಲು ಮಾದನಹಿಪ್ಪರಗಾದಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಯಾರೂ ಇಲ್ಲ. ಅವಳ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಸೀನಿದರೆ ನನಗೆ ಕೇಳುತ್ತಿತ್ತು. ಒಳ್ಳೆಯ ಹೆಂಗಸು ಎಂದು ಊರೆಲ್ಲ ಹೇಳುತ್ತದೆ. ನಾನೂ ಹೇಳುತ್ತೇನೆ, ಆದರೆ ಹಲ್ಲು ಕಚ್ಚಿಕೊಂಡು.

ನನ್ನ ಹೆಸರು ಗಂಗಾಬಾಯಿ. ತವರು ಅಕ್ಕಲಕೋಟೆ. ಮರಾಠಿ ಶಾಲೆಯಲ್ಲಿ ಏಳನೆಯ ತನಕ ಓದಿದ್ದೇನೆ. ಮದುವೆಯಲ್ಲಿ ಅಪ್ಪ ಒಂದು ಶಾವಿಗೆ ಮಷೀನು ಕೊಟ್ಟಿದ್ದ. ನಮ್ಮ ಓಣಿಗೆಲ್ಲ ಅದೊಂದೇ. ಉಗಾದಿ ಮುಗಿದು ಬಿಸಿಲು ಬಲಿಯಿತೆಂದರೆ ಹೆಂಗಸರು ನಾದಿದ ಹಿಟ್ಟಿನ ಪಾತ್ರೆ ಸೊಂಟಕ್ಕಿಟ್ಟುಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಯಾರು ಮೊದಲು, ಯಾರು ಆಮೇಲೆ ಎಂಬುದು ನನ್ನ ಮಾತು. ಒಬ್ಬಳು ಹಿಡಿಕೆ ತಿರುವುತ್ತಿದ್ದರೆ, ಒಬ್ಬಳು ಎಳೆಗಳನ್ನು ಕೋಲಿಗೆ ಹಾಕಿ ಬಿಸಿಲಿಗಿಡುತ್ತಿದ್ದಳು. ನಾನು ಮಾತ್ರ ಹೊರಸಿನ ಮೇಲೆ ಕುಳಿತು, ತವರಿನಿಂದ ಬಂದ ಮರಾಠಿ ಪೇಪರನ್ನು ಕನ್ನಡ ಮಾಡಿ ಓದಿ ಹೇಳುತ್ತಿದ್ದೆ. ವರ್ಷಕ್ಕೆ ಎರಡು ತಿಂಗಳು ನಾನೇ ಆ ಓಣಿಯ ಗೌಡತಿ.

ಸುಂದರಬಾಯಿ ಆ ಓಣಿಗೆ ಬಂದದ್ದು ನನ್ನ ಮದುವೆಯಾಗಿ ಆರು ವರ್ಷಕ್ಕೆ. ಗಂಡ ಜಗದೇವಪ್ಪ ಆಳಂದದ ಎಣ್ಣೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಅವಳು ಮೂರನೆಯ ಇಯತ್ತೆ ಕನ್ನಡ ಓದಿ ಬಿಟ್ಟವಳು. ಬಣ್ಣ ಕಪ್ಪು, ಮಾತು ಕಡಿಮೆ. ಆದರೆ ಆ ಕೈ. ಅವಳು ನಾದಿದ ಹಿಟ್ಟಿನ ಎಳೆ ಮೊಳಕೈ ಉದ್ದ ಬಂದರೂ ತುಂಡಾಗುತ್ತಿರಲಿಲ್ಲ, ಕುದಿಯುವ ನೀರಿನಲ್ಲೂ ಮುದ್ದೆಯಾಗುತ್ತಿರಲಿಲ್ಲ. ಎರಡೇ ಬೇಸಿಗೆಯಲ್ಲಿ ಹೆಂಗಸರು ಹಿಟ್ಟನ್ನು ನಾದಿ ತರುವುದನ್ನೇ ಬಿಟ್ಟರು. ಒಣ ಹಿಟ್ಟು ತಂದು ಅವಳ ಮುಂದೆ ಸುರಿಯತೊಡಗಿದರು. ಅವಳು ಹೊಲಕ್ಕೆ ಹೋದ ದಿನ ನನ್ನ ಬಾಗಿಲ ತನಕ ಬಂದು ಇಣುಕಿ, "ಸುಂದರಬಾಯಿ ಇಲ್ಲೇನ್ರಿ? ಹಂಗಾರ ನಾಳಿ ಬರ್ತೇವಿ" ಎಂದು ಹೊರಟುಬಿಡುವರು. ಮಷೀನು ನನ್ನದು, ಅಂಗಳ ನನ್ನದು, ನೆರಳು ಕೊಡುವ ಬೇವಿನ ಮರವೂ ನನ್ನದು. ಕೇಳುವುದು ಅವಳನ್ನು. ನನ್ನ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಂಬತ್ಮೂರನೆಯ ಇಸವಿಯ ಬೇಸಿಗೆ. ಹಜರಾಬಿ ರಂಜಾನ್ ಹಬ್ಬಕ್ಕೆಂದು ಶಾವಿಗೆ ಮಾಡಿಸಲು ಬಂದಿದ್ದಳು. ಎಲ್ಲರೆದುರು ನಗುತ್ತಾ ಅಂದಳು: "ಸುಂದರಬಾಯಿದು ಸ್ವಂತ ಮಷೀನ್ ಒಂದಿದ್ರ ನಾವು ಈ ಗಂಗಾಬಾಯಿ ಬಾಗಲಾ ಯಾಕ ಕಾಯಬೇಕಿತ್ತು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ ಮುಚ್ಚಿಕೊಳ್ಳಲು ಪೇಪರು ಎತ್ತಿ, ಕಣ್ಣಿಗೆ ಬಿದ್ದದ್ದನ್ನು ಓದಿಬಿಟ್ಟೆ.

"ಗಾಣಗಾಪುರದಾಗ ಒಂದು ಹಳೀ ಮಷೀನ್ ಮಾರಾಟಕ್ಕದಂತ."

ಸುಂದರಬಾಯಿಯ ಕೈ ಹಿಟ್ಟಿನಲ್ಲಿ ನಿಂತಿತು. "ಯಾವ ಮಷೀನ್ರಿ ಅಕ್ಕಾ?"

ಪೇಪರಿನಲ್ಲಿ ಇದ್ದದ್ದು 'ಶೇವೇಚೆ ಯಂತ್ರ'. ಮರಾಠಿಯಲ್ಲಿ ಶೇವ ಎಂದರೆ ಕಡಲೆಹಿಟ್ಟಿನದು, ಎಣ್ಣೆಯಲ್ಲಿ ಕರಿಯುವ ಶೇವು. ನಮ್ಮ ಶಾವಿಗೆಗೆ ಅವರು ಶೇವಯಾ ಎನ್ನುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತು. ಹಜರಾಬಿಯ ನಗು ಇನ್ನೂ ಕಿವಿಯಲ್ಲಿತ್ತು. ತಗೊಳ್ಳಲಿ, ತಗೊಂಡು ಕೈ ಸುಟ್ಟುಕೊಳ್ಳಲಿ, ಮಷೀನಿನ ಆಸೆ ಜನ್ಮಕ್ಕೆ ಸಾಕಾಗಲಿ ಅನ್ನಿಸಿತು.

"ಶ್ಯಾವಿಗಿ ಮಷೀನ ಬೇ" ಅಂದೆ. "ಚಲೋ ಸ್ಥಿತಿಯಾಗ ಅದಂತ."

ಅವಳು ಆ ತುಂಡನ್ನು ಹರಿದು ಇಸಿದುಕೊಂಡು ಡಬ್ಬಿಯಲ್ಲಿಟ್ಟಳು. ಮಾರುವವನಿಗೆ ಮರಾಠಿಯಲ್ಲಿ ಪತ್ರ ಬರೆದುಕೊಡಿ ಎಂದು ನನ್ನನ್ನೇ ಕೇಳಿದಳು. ನಾನು ಬರೆದೆ. ಪತ್ರದಲ್ಲಿ ಮಾತ್ರ ಸರಿಯಾಗಿ ಬರೆದೆ: 'ನಿಮ್ಮ ಶೇವೇಚೆ ಯಂತ್ರ ಕಳಿಸಿ.' ಶಾವಿಗೆಯದು ಎಂದು ಬರೆದರೆ, ನನ್ನ ಹತ್ತಿರ ಇಲ್ಲ ಎಂದು ಆತ ಉತ್ತರ ಕೊಟ್ಟುಬಿಟ್ಟರೆ? ಕೆಟ್ಟದ್ದು ಮಾಡುವಾಗ ನನ್ನ ಬುದ್ಧಿ ಎಷ್ಟು ಚುರುಕು ನೋಡಿ. ಅವಳು ಕಿವಿಯ ಬುಗುಡಿ ಮಾರಿ ಮನಿಯಾರ್ಡರ್ ಮಾಡಿದಳು.

ಹದಿನೈದು ದಿನಕ್ಕೆ ಬಸ್ಸಿನ ಮೇಲೆ ಗೋಣಿಚೀಲದಲ್ಲಿ ಮಷೀನು ಬಂತು. ಅದರ ಆಕಾರವೇ ಬೇರೆ. ದಪ್ಪನೆಯ ಹಿತ್ತಾಳೆಯ ಕೊಳವೆ, ಮೇಲೆ ತಿರುಪಿನ ಹಿಡಿಕೆ. "ಹಳೀ ಕಾಲದ್ದಿರಬೇಕ್ರಿ" ಎಂದು ಸುಂದರಬಾಯಿ ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಗಟ್ಟಿ ಗೋಧಿ ಹಿಟ್ಟು ತುಂಬಿದಳು. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹಿಡಿಕೆ ಅರ್ಧ ತಿರುಗಿ ನಿಂತಿತು. ಬೆರಳು ದಪ್ಪನೆಯ ನಾಲ್ಕು ಎಳೆ ಹೊರಗೆ ಇಣುಕಿದವು. ಇನ್ನಷ್ಟು ಬಲ ಹಾಕಿದಾಗ ಹಿಡಿಕೆಯೇ ಬಾಗಿತು. ಹಜರಾಬಿ "ಹಾಯ್ ಅಲ್ಲಾ" ಎಂದು ಬಾಯಿಗೆ ಸೆರಗು ಹಿಡಿದಳು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಮರುದಿನ ಬೆಳಿಗ್ಗೆ ಸುಂದರಬಾಯಿ ನನ್ನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿದ್ದವು.

"ಅಕ್ಕಾ, ಆ ಮಷೀನ್ ಮಾರಿದಾವ ನನಗ ಮೋಸ ಮಾಡ್ಯಾನ. ಗಾಣಗಾಪುರಕ್ಕ ಹೊಂಟೇನಿ. ನೀವು ಬರದ ಕಾಗದ ಮರಾಠಿಯೊಳಗ ಅದ. ನೀವು ಬಂದು ಅದನ್ನ ಓದಿ ಅವನ ಬಾಯಿ ಮುಚ್ಚಸ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಹೋದರೆ ನನ್ನದೇ ಅಕ್ಷರದ ಪತ್ರ ಆ ಮಾರಿದವನ ಹತ್ತಿರ ಇದೆ. ದಾರಿಯುದ್ದಕ್ಕೂ, ಎರಡು ಬಸ್ಸು ಬದಲಿಸುವಾಗಲೂ, ದತ್ತಾತ್ರೇಯನಿಗೆ ಒಂದೇ ಹರಕೆ: ಆ ಪತ್ರ ಇಲಿ ತಿಂದಿರಲಿ.

ಇಲಿ ತಿಂದಿರಲಿಲ್ಲ. ಮಷೀನು ಮಾರಿದ ಶ್ರೀಪಾದ ಅಜ್ಜ ದತ್ತನ ಗುಡಿಗೆ ಹೋಗುವ ದಾರಿಯಲ್ಲಿ ಶೇವು, ಚೂಡಾದ ಅಂಗಡಿ ಇಟ್ಟವರು. ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿದ್ದರು. ಸುಂದರಬಾಯಿ ತಲೆಯ ಮೇಲಿನ ಗೋಣಿಚೀಲವನ್ನು ಅವರ ಕಟ್ಟೆಯ ಮೇಲೆ ದೊಪ್ಪನೆ ಇಳಿಸಿದಳು.

"ದೇವರ ಊರಾಗ ಕುಂತು ಮಂದಿಗಿ ಮೋಸ ಮಾಡ್ತೀರಲ್ರಿ. ಶ್ಯಾವಿಗಿ ಮಷೀನ್ ಅಂತ ಪೇಪರಿನಾಗ ಹಾಕಿ ಏನ್ ಕಳಿಸೀರಿ ಇದು?"

ಅಷ್ಟು ಮಾತು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ದರ್ಶನಕ್ಕೆ ಹೊರಟ ಜನ ನಿಂತು ನೋಡತೊಡಗಿದರು. ಅಜ್ಜ ಕಟ್ಟೆ ಹಿಡಿದು ಎದ್ದು ನಿಂತರು.

"ಮೂವತ್ತು ವರ್ಷ ಈ ದಾರಿಯೊಳಗ ಅಂಗಡಿ ನಡಸೇನಿ, ತಂಗಿ. ಒಬ್ಬರೂ ನನಗ ಇಂಥ ಮಾತು ಅಂದಿಲ್ಲ. ನೀನ ಬರಸಿದ ಪತ್ರ ಅದ ಇಲ್ಲಿ. ನನಗ ಅಕ್ಷರ ಕಾಣೂದಿಲ್ಲ. ಯಾರರೆ ಓದ್ರಿ."

ಮಣೆಯ ಕೆಳಗಿನಿಂದ ಪತ್ರ ತೆಗೆದು ಗಾಳಿಯಲ್ಲಿ ಚಾಚಿದರು. ಸುಂದರಬಾಯಿ ಅದನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. "ನಮ್ಮ ಅಕ್ಕ ಓದ್ತಾರ. ಅವರು ಸುಳ್ಳು ಓದೂದಿಲ್ಲ."

ನಾನು ಶಾವಿಗೆ ಎಂದು ಓದಿದ್ದರೆ ಮುಗಿದುಹೋಗುತ್ತಿತ್ತು. ಕಣ್ಣು ಕಾಣದ ಅಜ್ಜ ತನ್ನದೇ ತಪ್ಪೆಂದು ಒಪ್ಪಿಕೊಂಡು ಹಣ ಹಿಂದಿರುಗಿಸುತ್ತಿದ್ದರು. ಸುಂದರಬಾಯಿ ನನ್ನ ಕಾಲು ಮುಟ್ಟುತ್ತಿದ್ದಳು. ನಾನು ಮೊದಲಿನಂತೆ ಹೊರಸಿನ ಮೇಲೆ ಕೂರುತ್ತಿದ್ದೆ. ಬಾಯಿ ತೆರೆದೆ. ಆ ಅಜ್ಜನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಪತ್ರ ವಾಪಸು ಬರಲೆಂದು ಕಾಯುತ್ತಾ.

"ಶೇವೇಚೆ ಯಂತ್ರ ಅಂತದ" ಅಂದೆ. "ಶೇವು ಮಾಡೂ ಮಷೀನು. ಪೇಪರಿನಾಗೂ ಹಂಗ ಇತ್ತು."

ಸುಂದರಬಾಯಿ ನನ್ನ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ. ಆಮೇಲೆ ಅಜ್ಜನ ಕಡೆ ತಿರುಗಿ ಕೈ ಮುಗಿದಳು.

"ತಪ್ಪು ನಂದರಿ ಅಜ್ಜಾರ. ಅಕ್ಕ ಶೇವು ಅಂದ್ರ ನಾ ಶ್ಯಾವಿಗಿ ಅಂತ ಕೇಳಿದೆ. ಹಿಟ್ಟು ನಾದೂಮುಂದ ನನಗ ಕಿವಿ ಇರೂದಿಲ್ಲ."

ನಿಂತ ಜನ ನಕ್ಕು ಮುಂದೆ ಹೋದರು. ಅವಳು ನನ್ನನ್ನು ಉಳಿಸಿದಳು. ನಿಮಗೆ ವಿಚಿತ್ರ ಅನ್ನಿಸಬಹುದು, ನನಗೆ ಮೊದಲು ಬಂದದ್ದು ಸಿಟ್ಟು. ದೊಡ್ಡ ಮನಸ್ಸು ತೋರಿಸುವುದಕ್ಕೂ ಅವಳೇ ಬೇಕಾಗಿತ್ತೇ?

ಅಜ್ಜ ಹಿಡಿಕೆಯನ್ನು ತಡವಿ ನೋಡಿದರು. "ಗೋಧಿ ಹಿಟ್ಟು ತುಂಬಿದ್ರ ಬಾಗದ ಏನ್ ಮಾಡ್ತದ? ಇಲ್ಲೇ ಬಿಡ್ರಿ. ರೊಕ್ಕ ಕಣ್ಣಿನ ಆಪರೇಷನ್‌ಗ ಇಟ್ಟೇನಿ, ದೀಪಾವಳಿಗೆ ವಾಪಸ್ ಕೊಡ್ತೇನಿ."

"ಬ್ಯಾಡ್ರಿ" ಅಂದಳು ಸುಂದರಬಾಯಿ. "ರೊಕ್ಕ ಇಟ್ಕೋರಿ. ನನಗ ಶೇವು ಮಾಡೂದು ಕಲಸ್ರಿ."

ಕಮ್ಮಾರನ ಹತ್ತಿರ ಹಿಡಿಕೆ ನೆಟ್ಟಗೆ ಮಾಡಿಸಿದ್ದಾಯಿತು. ಆ ಮಧ್ಯಾಹ್ನವೇ ಅಜ್ಜ ಒಲೆ ಹೊತ್ತಿಸಿದರು. ಅಜವಾನ ಅರೆದ ನೀರು ಎಷ್ಟು, ಕಾದ ಎಣ್ಣೆ ಎಷ್ಟು ಎಂದು ಹೇಳುತ್ತಾ ಹೋದರು, ಅವಳು ಕಡಲೆಹಿಟ್ಟು ಕಲಸಿದಳು. ಅಜ್ಜ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ನನಗ ಈ ಹದ ಸಿಗಲಿಕ್ಕೆ ಎಂಟು ವರ್ಷ ಬೇಕಾತು" ಅಂದರು. ನಾನು ಮೂಲೆಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ.

ಮುಂದಿನದು ಊರಿಗೇ ಗೊತ್ತು. ಅವಳ ಶೇವು ಮೊದಲು ಮಾದನಹಿಪ್ಪರಗಾದಲ್ಲಿ, ಆಮೇಲೆ ಆಳಂದದ ಸಂತೆಯಲ್ಲಿ ಮಾರಾಟವಾಯಿತು. ಕಡೆಗೆ ಗಂಡನ ಮಿಲ್ಲಿನ ಕೆಲಸ ಬಿಡಿಸಿ, ಗಾಣಗಾಪುರಕ್ಕೇ ಹೋಗಿ ಅಜ್ಜನ ಮುಚ್ಚಿದ ಅಂಗಡಿ ತೆರೆದಳು. ನನ್ನ ಸಂಗತಿ ಕೇಳಿದಿರಾ? ಮರುವರ್ಷದ ಬೇಸಿಗೆಯಲ್ಲಿ ಹೆಂಗಸರು ನನ್ನ ಅಂಗಳಕ್ಕೆ ಬಂದರು. ಸುಂದರಬಾಯಿಯ ಕೈ ಇಲ್ಲದೆ ಶಾವಿಗೆ ಪಾತ್ರೆಯಲ್ಲಿ ಗಂಜಿಯಾಯಿತು. ಅದರಾಚೆ ವರ್ಷ ಯಾರೂ ಬರಲಿಲ್ಲ. ಈಗ ಆ ಮಷೀನಿನ ಮೇಲೆ ಕೋಳಿ ಕೂರುತ್ತದೆ. ಮಾಡಿದ್ದುಣ್ಣೋ ಮಹಾರಾಯ.

ಪ್ರತಿ ದೀಪಾವಳಿಗೆ ನನಗೊಂದು ಶೇವಿನ ಪೊಟ್ಟಣ ಬಸ್ಸಿನಲ್ಲಿ ಬರುತ್ತಿತ್ತು. ಕಟ್ಟಿರುತ್ತಿದ್ದದ್ದು ಮರಾಠಿ ಪೇಪರಿನಲ್ಲಿ. ಬೇಕೆಂದೇ ಹಾಗೆ ಕಟ್ಟುತ್ತಿದ್ದಳೋ, ಗಾಣಗಾಪುರದಲ್ಲಿ ಬೇರೆ ಪೇಪರು ಸಿಗುತ್ತಿರಲಿಲ್ಲವೋ. ನಾನು ಶೇವನ್ನು ಮಕ್ಕಳಿಗೆ ಕೊಟ್ಟುಬಿಡುತ್ತಿದ್ದೆ.

ತೊಂಬತ್ನಾಲ್ಕರಲ್ಲಿ ದರ್ಶನಕ್ಕೆ ಹೋದೆ. ಅಂಗಡಿಯ ಮುಂದೆ ಹೋಗದೆ ಹಿಂದಿನ ಓಣಿ ಹಿಡಿಯುವ ಎಣಿಕೆ ಇತ್ತು. ಅವಳೇ ನೋಡಿಬಿಟ್ಟಳು. ಮೈ ತುಂಬಿಕೊಂಡಿದ್ದಳು, ಕಿವಿಯಲ್ಲಿ ಹೊಸ ಬುಗುಡಿ.

"ಅಕ್ಕಾ, ಚಲೋ ಟೈಮಿಗೆ ಬಂದ್ರಿ. ಯಾತ್ರಿಕರಿಗಂತ ಮರಾಠಿ ಬೋರ್ಡ್ ಬರಸೇನಿ. ಪೇಂಟರ್ ಸರಿಯಾಗಿ ಬರದಾನೇನು, ಓದಿ ಹೇಳ್ರಿ."

ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಶೇವ ಎಂದಿತ್ತು. ಗಿರಾಕಿಗಳು ನಿಂತಿದ್ದರೂ ಹೇಳಿಬಿಟ್ಟೆ.

"ಶೇವು ಅಂತದ. ಸುಂದರವ್ವ, ಅವತ್ತ ನಾ ಬೇಕಂತ ತಪ್ಪು ಓದಿದ್ದೆ."

ಅವಳು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. "ಗೊತ್ತದ ಅಕ್ಕಾ. ಕಣ್ಣಿನ ಆಪರೇಷನ್ ಆದಮ್ಯಾಲ ಅಜ್ಜ ಮರಾಠಿ ಓದೂದು ಕಲಿಸಿ ಒಂಬತ್ತು ವರ್ಷಾತು. ಆ ಪೇಪರಿನ ತುಂಡು ಇನ್ನೂ ಡಬ್ಬಿಯಾಗ ಅದ; ಶೇವ ಬ್ಯಾರೆ, ಶೇವಯಾ ಬ್ಯಾರೆ ಅಂತ ಓದಾಕ ಬಂದಮ್ಯಾಲ ನೀವು ಬೇಕಂತ ಮಾಡಿದ್ದು ತಿಳೀತು. ನೀವಾಗಿ ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

ನಾನಾಗಿದ್ದರೆ ಅಂಥ ಮಾತನ್ನು ಒಂಬತ್ತು ತಾಸು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಓಣಿಯಲ್ಲೆಲ್ಲ ಡಂಗುರ ಹೊಡೆಯುತ್ತಿದ್ದೆ. ಅವಳು ಇಟ್ಟುಕೊಂಡೇ ವರ್ಷವರ್ಷ ಶೇವು ಕಟ್ಟಿ ಕಳಿಸಿದ್ದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಕೈಗೊಂದು ಪೊಟ್ಟಣ ಕೊಟ್ಟಳು. ಬಸ್ಸಿನಲ್ಲಿ ಕುಳಿತು ಬಿಚ್ಚಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹಾಳಾದ್ದು, ಬಹಳ ರುಚಿಯಾಗಿತ್ತು.