ಮಂಗಳವಾರದ ಆಯಿ

ಹೆಂಡತಿಯ ಕುತ್ತಿಗೆಗೆ ಪೌಡರ್ ಹಚ್ಚುತ್ತಿದ್ದೆ. ಮೂಲೆಯಲ್ಲಿ ಊದಿನಕಡ್ಡಿ ಆಗಲೇ ಹೊಗೆಯಾಡುತ್ತಿತ್ತು. ಎರಡೂ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಜುಗೂಳದ ಮನೆಯ ಹಳೆಯ ಪಡಸಾಲೆ ಕಣ್ಣೆದುರು ಬಂದು ನಿಂತಿತು. ಪೌಡರ್ ಡಬ್ಬಿ ಹಿಡಿದ ಕೈ ಅಲ್ಲೇ ಉಳಿಯಿತು.

ಅದಕ್ಕೂ ಮೊದಲು ಈ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಾನು ಅಥಣಿಯಲ್ಲಿ ಟೇಲರ್. ಹರಿದದ್ದು ಕಾಣದಂತೆ ರಫೂ ಮಾಡುವುದರಲ್ಲಿ ಒಂದು ಕಾಲಕ್ಕೆ ನನ್ನ ಹೆಸರಿತ್ತು, ಅಥವಾ ಹಾಗಂತ ನಾನೇ ತಿಳಿದುಕೊಂಡಿದ್ದೆ. ನನ್ನ ಹೆಂಡತಿ ಶಕುಂತಲೆಗೆ ಹೋದ ವರ್ಷ ಲಕ್ವಾ ಹೊಡೆದು ಬಲಗಡೆಯ ಮೈ ಬಿದ್ದುಹೋಯಿತು. ಮಾತೂ ಹೋಯಿತು. ನಿಪ್ಪಾಣಿಯಲ್ಲಿರುವ ಮಗಳು, "ಅಪ್ಪಾ, ಅವ್ವನ್ನ ಇಲ್ಲೇ ಕರಕೊಂಡ ಬಾ, ಒಬ್ಬಾವ ಎಷ್ಟಂತ ಮಾಡ್ತಿ?" ಅಂದಳು. "ನಾ ಏನ್ ಸತ್ತೀನೇನು?" ಅಂತ ರೇಗಿದೆ. ಆ ಹುರುಪು ಮೂರು ತಿಂಗಳಿಗೆ ಇಳಿಯಿತು, ಆಡಿದ ಮಾತು ಮಾತ್ರ ಉಳಿಯಿತು.

ವಾರಕ್ಕೆರಡು ಸಲ ಅಸ್ಮಾ ಬರುತ್ತಾಳೆ. ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಕಂಪನಿಯೊಂದರ ಹುಡುಗಿ. ಬಿ.ಪಿ. ನೋಡುತ್ತಾಳೆ, ಮೂತ್ರದ ನಳಿಗೆ ನೋಡುತ್ತಾಳೆ, ಕೈಕಾಲು ಆಡಿಸುತ್ತಾಳೆ. ನಮ್ಮ ಮನೆಗೆ ಹೊರಡುವ ಮೊದಲು ನನ್ನ ಮೊಬೈಲಿಗೆ ಅವಳ ಸಂದೇಶ: "ಕಾಕಾ, ಹತ್ತೂವರೆಗೆ ಬರ್ತೀನ್ರಿ." ಆಮೇಲೆ ನನ್ನ ಧಾವಂತ ನೀವು ನೋಡಬೇಕು. ಚಾದರ ಬದಲಿಸು, ಮೈ ಒರೆಸು, ತಲೆ ಬಾಚು, ಕುಂಕುಮ ಇಡು. ಮಗಳನ್ನು ನೋಡಲು ಬೀಗರು ಬಂದಾಗಲೂ ನಾನು ಇಷ್ಟು ಓಡಾಡಿರಲಿಲ್ಲ. ಅಸ್ಮಾ ಬಂದವಳೇ, "ಕಾಕಾ, ನಿಮ್ಮಂಗ ನೋಡ್ಕೊಳ್ಳಾವ್ರನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ" ಅನ್ನುತ್ತಾಳೆ. ಅದೊಂದು ಮಾತಿನ ಮೇಲೆ ನಾನು ಮುಂದಿನ ಮೂರು ದಿನ ದೂಡುತ್ತೇನೆ.

ಎಂಟು ದಿನದ ಹಿಂದೆ ಶಕುಂತಲೆಯ ಟೊಂಕದ ಕೆಳಗೆ ಹಾಸಿಗೆ ಹುಣ್ಣು ಎದ್ದಿತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಅಸ್ಮಾ ಹೇಳಿಕೊಟ್ಟಿದ್ದಳು. ನಾನು ಕುರ್ಚಿಯಲ್ಲಿ ಕೂತವನು ಹಾಗೆಯೇ ನಿದ್ದೆ ಹೋಗುತ್ತಿದ್ದೆ. ಎದ್ದರೆ ಐದು ತಾಸು ಕಳೆದಿರುತ್ತಿತ್ತು. ಹುಣ್ಣಿನ ವಿಷಯ ಅಸ್ಮಾಗೆ ಹೇಳಲಿಲ್ಲ. "ಬೆನ್ನು ನೋಡ್ಲೇನ್ರಿ ಕಾಕಾ?" ಅಂತ ಅವಳು ಕೇಳಿದಾಗ, "ಈಗಽ ಒರಸೀನವ್ವ, ಎಲ್ಲಾ ಚೊಲೋ ಐತಿ" ಅಂದುಬಿಟ್ಟೆ. ಅವಳಿಗೂ ಇನ್ನೂ ನಾಲ್ಕು ಮನೆ ಇರುತ್ತವೆ. ನಂಬಿದಳು, ಹೋದಳು.

ಈಗ ಜುಗೂಳಕ್ಕೆ ಬನ್ನಿ. ನಾನು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದೆ. ನನ್ನ ಆಯಿ, ಅಂದರೆ ಅಪ್ಪನ ಅವ್ವ, ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿಸಿಕೊಂಡಿದ್ದಳು. ಮೈಯಲ್ಲಿ ಸಕ್ಕರೆ ಕಾಯಿಲೆ. ಪಾದದ ಗಾಯ ಮಾಯಲೊಲ್ಲದು. ಪ್ರತಿ ಮಂಗಳವಾರ ಸರ್ಕಾರಿ ದವಾಖಾನೆಯ ನರ್ಸಬಾಯಿ ಬಸ್ಸಿಳಿದು, ಹೆಗಲಿಗೊಂದು ಚೀಲ ಹಾಕಿಕೊಂಡು, ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಆಯಿ ಸಣ್ಣವಳಿದ್ದಾಗ ಮಿರಜದ ದವಾಖಾನೆಯಿಂದ ಬಿಳಿ ಸೀರೆಯ ನರ್ಸಬಾಯಿಗಳು ಚಕ್ಕಡಿ ಕಟ್ಟಿಕೊಂಡು ಬಾಣಂತಿಯರನ್ನು ನೋಡಲು ಬರುತ್ತಿದ್ದರಂತೆ. ಚಕ್ಕಡಿ ಹೋಗಿ ಬಸ್ಸು ಬಂತು, ಬಸ್ಸು ಹೋಗಿ ಅಸ್ಮಾಳ ಸ್ಕೂಟಿ ಬಂತು. ಮನೆಯವರು ಹೇಳುವ ಸುಳ್ಳು ಮಾತ್ರ ಬದಲಾಗಿಲ್ಲ, ಅದನ್ನೇ ಹೇಳಲು ಹೊರಟಿದ್ದೇನೆ.

ಮಂಗಳವಾರ ಬಂತೆಂದರೆ ಆಯಿ ನಸುಕಿನಲ್ಲೇ ಎದ್ದು ಮನೆಯವರನ್ನು ಪಡಸಾಲೆ ಸಾರಿಸಲು ಹಚ್ಚುತ್ತಿದ್ದಳು. ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿ, ಕಾಲಿಗೆ ತೊಳೆದ ಧೋತರದ ತುಂಡು ಸುತ್ತಿ, ಊದಿನಕಡ್ಡಿ ಹಚ್ಚಿಸಿ ಕೂತಳೆಂದರೆ ಯಾರಿಗೆ ಬೇನೆ ಎಂದು ಹುಡುಕಬೇಕಿತ್ತು. ನರ್ಸಬಾಯಿ ಪಾದಕ್ಕೆ ಕೈಹಾಕಿದರೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದಳು. "ಅಯ್ಯ, ನೌಕರಿ ಮಾಡೂ ಹೆಣ್ಮಗಳು, ನನ್ನ ಕಾಲ ಹಿಡೀತಿ? ಪಾಪ ಬರ್ತೈತಿ. ನಿನ್ನೆಽ ಪಟ್ಟಿ ಕಟ್ಟಿಸ್ಕೊಂಡೀನಿ, ಆರಾಮ ಅದೀನಿ. ಮೊದ್ಲ ಚಾ ಕುಡಿ." ಎರಡು ಮಂಗಳವಾರ ಹೀಗೆಯೇ ಕಳೆದವು. ಮನೆಗೆ ಬಂದವರ ಮುಂದೆ ಹೊಲಸು ತೆರೆದಿಡುವುದುಂಟೇ? ನಮಗೆ ಯಾರಿಗೂ ಅದು ತಪ್ಪೆನಿಸಲಿಲ್ಲ.

ಮೂರನೇ ವಾರ ನರ್ಸಬಾಯಿ ಯಾರಿಗೂ ಹೇಳದೆ ಶುಕ್ರವಾರ ನಡುಮಧ್ಯಾಹ್ನ ಬಂದಳು. ಆಯಿ ಹಿತ್ತಲಲ್ಲಿ ಹರಕು ಸೀರೆಯಲ್ಲಿ ಕೂತು ಗಾಯಕ್ಕೆ ತಂಬಾಕಿನ ಪುಡಿ ಒತ್ತಿಕೊಳ್ಳುತ್ತಿದ್ದಳು. ನೊಣ ಮುತ್ತಿದ್ದವು. ನಾನು ಬೀಸಣಿಕೆ ಹಿಡಿದು ನಿಂತಿದ್ದೆ. ನರ್ಸಬಾಯಿಗೆ ಬಂದ ಸಿಟ್ಟು, ದೇವರೇ! ಚೀಲ ನೆಲಕ್ಕೆ ಕುಕ್ಕಿದಳು.

"ಮಂಗಳವಾರದ ಆಯಿ ಯಾರು, ಶುಕ್ರವಾರದ ಆಯಿ ಯಾರು? ನಾ ಏನ್ ನಿಮ್ಮ ಬೀಗತೇನು, ಚಾ ಕುಡ್ಯಾಕ ಬರಾಕ? ನಾ ಬರೂದಽ ಹೊಲಸು ನೋಡಾಕ! ನೀವು ಸಿಂಗಾರ ಮಾಡ್ಕೊಂಡ ಕುಂತ್ರ ಔಷಧ ಯಾರಿಗೆ ಹಚ್ಚಲಿ?"

ಆಯಿ ತಲೆ ತಗ್ಗಿಸಿ, "ನಾಚಿಕಿ ಬಂತವ್ವ" ಅಂದಳು. ಅಷ್ಟೇ. ನರ್ಸಬಾಯಿಯ ದನಿ ಇಳಿಯಿತು. ಹಿತ್ತಲ ಕಲ್ಲಿನ ಮೇಲೆ ಕೂತು, ಆಯಿಯ ಪಾದ ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಮುಂದೆ ಮಿರಜದ ದವಾಖಾನೆಯಲ್ಲಿ ಪಾದದ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಅಲ್ಲಿಂದಾಚೆ ನರ್ಸಬಾಯಿ ಯಾವ ಮನೆಗೂ ಬರುವ ವಾರ ಹೇಳುತ್ತಿರಲಿಲ್ಲವಂತೆ.

ಇಷ್ಟು ನೆನಪಾಗುವಷ್ಟರಲ್ಲಿ ಹತ್ತೂವರೆಯಾಗಿತ್ತು. ನಾನು ಆಯಿಯನ್ನು ನೆನೆದು ಮುಗುಳ್ನಗಬೇಕೆಂದಿದ್ದೆ, ಆಗಲಿಲ್ಲ. ಆಯಿ ಮುಚ್ಚಿಟ್ಟದ್ದು ತನ್ನ ಗಾಯ. ನೋವು ತಡೆಯದಿದ್ದರೆ ಕೂಗಲು ಅವಳಿಗೆ ಬಾಯಿತ್ತು. ನಾನು ಮುಚ್ಚಿದ್ದು ಮಾತು ಹೋದವಳ ಗಾಯ, ಅದೂ ಒಂದು ಶಹಬ್ಬಾಸಿನ ಆಸೆಗೆ. ಎಂಟು ದಿನ ಅವಳು ಅದರ ಮೇಲೆ ಮಲಗಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಸ್ಮಾ ಒಳಗೆ ಬಂದು, "ಆಹಾ, ಕಾಕೂ ಇವತ್ತ ಎಷ್ಟ ಚಂದ ಕಾಣಾಕತ್ತಾರ!" ಅಂದಳು.

"ಅಸ್ಮಾ, ಅಕೀನ ಹೊಳ್ಳಿಸಿ ನೋಡವ್ವ," ಅಂದೆ. "ಟೊಂಕದ ಕೆಳಗ ಹುಣ್ಣ ಆಗೇತಿ. ಎಂಟ ದಿನಾ ಆತು. ನಾ ಹೇಳ್ಲಿಲ್ಲ. ನಿದ್ದಿ ತಡಿಯೂದಿಲ್ಲ ನನಗ. ನನ್ನ ಕೈಲೆ ಆಗೂದಿಲ್ಲವ್ವ, ಸಾಕಾಗೇತಿ."

ಅಸ್ಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಕುಂತಲೆಯನ್ನು ಮೆಲ್ಲಗೆ ಮಗ್ಗುಲಾಗಿಸಿ, ಹುಣ್ಣು ನೋಡಿ, ತೊಳೆದು ಪಟ್ಟಿ ಹಾಕಿದಳು. "ಡಾಕ್ಟರಿಗೆ ತೋರ್ಸೂಣ್ರಿ. ಅಕ್ಕಾರಿಗೆ ನಿಪ್ಪಾಣಿಗೆ ಫೋನ್ ಮಾಡ್ರಿ, ಇವತ್ತಽ ಮಾಡ್ರಿ" ಅಂದಳು. ಹೂಂ ಅಂದೆ. ಹೆಂಡತಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅಸ್ಮಾ ಚಾದರ ಹೊದಿಸಲು ಹೋದಾಗ ಶಕುಂತಲೆ ತನ್ನ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದಳು. ಬಿಟ್ಟಳು. ಆಮೇಲೆ ಬೆರಳು ಎತ್ತಿ ತನ್ನ ಬಲಗಾಲಿನ ಹಿಮ್ಮಡಿಯ ಕಡೆ ತೋರಿಸಿದಳು. ಅಸ್ಮಾ ಕಾಲನ್ನು ಎತ್ತಿ ನೋಡಿದಳು.

ಅಲ್ಲೂ ಒಂದು ಹುಣ್ಣಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.