ಹತ್ತು ಮಾರು

ಮಸ್ತಾನ್ ಸಾಬರೇ, ಆ ದಿನ ನೀವು ಮದ್ದು ಹೆಚ್ಚು ಹಾಕಿರಲಿಲ್ಲ. ನಿಮ್ಮ ಕೈ ನಡುಗಿರಲೂ ಇಲ್ಲ. ತಪ್ಪು ಇದ್ದದ್ದು ನಾನು ಬರೆದುಕೊಟ್ಟ ಕಾಗದದಲ್ಲಿ. ಅದು ತಪ್ಪು ಎಂದು, ನೀವು ಕಂಬಳಿ ಹೊದ್ದು ಬೆನ್ನು ತಿರುಗಿಸಿ ನಿಲ್ಲುವ ಮೊದಲೇ, ನನಗೆ ಗೊತ್ತಿತ್ತು.

ಈ ನಾಲ್ಕು ಸಾಲು ಬರೆಯಲು ನನಗೆ ಎಂಟು ವರ್ಷ ಹಿಡಿಯಿತು. ಉಳಿದದ್ದನ್ನು ಕ್ರಮವಾಗಿ ಬರೆಯಲು ನೋಡುತ್ತೇನೆ. ನಡೆದದ್ದರಲ್ಲಿ ಬಹುಪಾಲು ನಿಮಗೆ ಗೊತ್ತಿರುವುದೇ—ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಗೊತ್ತಿಲ್ಲ.

ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಮಧುಗಿರಿಯ ಮನೆಯಲ್ಲಿ ಉತ್ತರಕ್ಕಾಗಿ ಕಾದು ಕುಳಿತಿದ್ದ ವರ್ಷ ಅದು. ನಮ್ಮ ಸೋದರಮಾವನ ಬಳಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂದು ಹಳೆಯ ನಾಡಬಂದೂಕು ಇತ್ತು. ರಿಪೇರಿಗೆಂದು ಅವರು ಅದನ್ನು ಕೋಟೆ ಬೆಟ್ಟದ ಕೆಳಗಿನ ನಿಮ್ಮ ಅಂಗಡಿಗೆ ತಂದಾಗ ನಾನೂ ಜೊತೆಗೆ ಬಂದಿದ್ದೆ. ಮಾವ ನಿಮ್ಮೊಡನೆ ಮಾತಾಡುತ್ತಿದ್ದರು. ನಾನು ಮೇಜಿನ ಮೇಲೆ ಗೋಣಿಚೀಲದ ತುಂಡಿನಡಿ ಅರ್ಧ ಮುಚ್ಚಿದ್ದ ಒಂದು ವಸ್ತುವನ್ನು ನೋಡುತ್ತಿದ್ದೆ. ಪಿಸ್ತೂಲು. ಆದರೆ ಒಂದರ ಮೇಲೊಂದು ಎರಡು ನಳಿಗೆ—ಮೇಲಿನದು ಸಣ್ಣದು, ಕೆಳಗಿನದು ಹೆಬ್ಬೆರಳು ಹೋಗುವಷ್ಟು ಅಗಲ. ಅಪರಿಚಿತರೊಡನೆ ಮಾತಾಡುವವಳಲ್ಲ ನಾನು. ಆದರೂ ಕೇಳಿದೆ.

"ಎರಡೂ ಯಾಕೆ ಒಂದೇ ಅಳತೆ ಇಲ್ಲ?"

ನೀವು ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿದಿರಿ. "ಇಷ್ಟು ದಿನಕ್ಕೆ ಸರಿಯಾದ ಸವಾಲ್ ಕೇಳ್ದೋರು ನೀನೊಬ್ಬಳೇ ಅಮ್ಮಣ್ಣಿ. ಬಾಕಿಯೋರೆಲ್ಲ, ಇದು ಎಷ್ಟು ದೂರ ಹೊಡೀತದೆ ಅಂತಾರೆ."

ಮಾರನೆಯ ದಿನದಿಂದ ನಾನು ಮನೆಯಲ್ಲಿ ಲೈಬ್ರರಿಗೆ ಎಂದು ಹೇಳಿ ನಿಮ್ಮ ಅಂಗಡಿಗೆ ಬರತೊಡಗಿದೆ.

ಆಗ ಚನ್ನರಾಯನದುರ್ಗದ ಬಂಡೆಗಳಿಂದ, ಸಿದ್ದರಬೆಟ್ಟದ ಕಡೆಯಿಂದ ಕರಡಿಗಳು ಕಡಲೆಕಾಯಿ ಹೊಲಗಳಿಗೆ ಇಳಿಯುತ್ತಿದ್ದವು. ಅಂಗಡಿಯ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದ ಕುರಿ ಕಾಯುವ ಈರಣ್ಣನ ತಮ್ಮನಿಗೆ ಒಂದು ಕಡೆಯ ಕೆನ್ನೆಯೇ ಇರಲಿಲ್ಲ. ಈರಣ್ಣ ಅದನ್ನೂ ನಗುತ್ತಲೇ ಹೇಳುತ್ತಿದ್ದ: "ಕೊಂದ್ರೆ ಕೇಸು, ಸುಮ್ಕಿದ್ರೆ ಮೂತಿ ಓಯ್ತದೆ. ಯಾವ್ದು ಬೇಕು ಅಂತ ಕರಡಿನೇ ಕೇಳ್ಬೇಕು ಕಣ್ ಸಾಬಣ್ಣ. ನಾಡ್‌ಬಂದೂಕಿಗೆ ಮದ್ದು ತುಂಬೋಗಂಟ ಅದೇನು ಎಲೆಅಡಿಕೆ ಮೆಲ್ಕಂಡು ಕೂತಿರ್ತದಾ?"

ಅದಕ್ಕೆ ನೀವು ಕೊಟ್ಟ ಉತ್ತರವೇ ಆ ಪಿಸ್ತೂಲು. ಕಾಡು ಕಾಯುವವರ ಸೊಂಟದಲ್ಲಿ ಇರಬೇಕಾದದ್ದು. ಕೆಳಗಿನ ನಳಿಗೆಯಲ್ಲಿ ಲಾರಿ ಟೈರಿನ ರಬ್ಬರು ಕಡಿದು ಉಜ್ಜಿದ ಗುಂಡು—ಹೆದರಿಸಲು. ಮೇಲಿನದರಲ್ಲಿ ಸೀಸದ ಗುಂಡು—ಬೇರೆ ದಾರಿಯೇ ಇಲ್ಲದಾಗ. ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ಮಾದರಿ ಮಾಡಲು ಒಪ್ಪಿಗೆಯನ್ನೂ ಬರೆದುಕೊಟ್ಟಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಡುಗಳಲ್ಲ, ಅದರ ಬೀಗ. ಸುಮ್ಮನೆ ಟ್ರಿಗರ್ ಎಳೆದರೆ ಕೆಳಗಿನದೇ ಹಾರುತ್ತಿತ್ತು. ಮೇಲಿನದು ಹಾರಬೇಕಾದರೆ ಪಕ್ಕದ ಒಂದು ಗುಂಡಿಯನ್ನು ಎಡಗೈಯಿಂದ ಒತ್ತಿ ಹಿಡಿಯಬೇಕು. ಬಲಗೈ ಬೆರಳಿಗೆ ಅದು ಎಟುಕುವುದಿಲ್ಲ—ಎಟುಕಬಾರದೆಂದೇ ಅಲ್ಲಿ ಇಟ್ಟಿದ್ದಿರಿ.

"ಹೆದರ್ಸೋಕೆ ಒಂದು ಕೈ ಸಾಕು ಅಮ್ಮಣ್ಣಿ," ಎಂದಿರಿ. "ಜಾನ್ ತೆಗಿಯೋಕೆ ಎರಡೂ ಕೈ ಬೇಕು. ಎಡಗೈ ಅಲ್ಲಿಗೆ ಬರೋಗಂಟ ಮನಸಿಗೆ ಒಂದು ಗಳಿಗೆ ಸಿಕ್ತದಲ್ಲ, ಅಷ್ಟೇ ನಾನು ಮಾಡಿರೋದು. ಬಾಕಿ ಎಲ್ಲ ಕಬ್ಬಿಣ."

ಐದು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದ ನನಗೆ ಒಂದು ಯಂತ್ರದೊಳಗೆ ಯೋಚನೆಗೆ ಜಾಗ ಮಾಡಿಡಬಹುದು ಎಂದು ಯಾರೂ ಹೇಳಿರಲಿಲ್ಲ.

ನಾನು ನಕ್ಷೆ ಬರೆದೆ. ನೀವು ಉಗುರಿನಿಂದ, ದಾರದಿಂದ ಅಳೆಯುತ್ತಿದ್ದುದನ್ನೆಲ್ಲ ಗ್ರಾಫ್ ಹಾಳೆಗೆ ಇಳಿಸಿದೆ. ಮದ್ದನ್ನು ನೀವು ಒಂದು ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ತೆಗೆದು, ಹೆಬ್ಬೆರಳಿನಿಂದ ಮಟ್ಟ ಮಾಡಿ ಸುರಿಯುತ್ತಿದ್ದಿರಿ. ನನಗೆ ನಗು ಬಂತು, ನಕ್ಕೆ ಕೂಡ. ಪಕ್ಕದ ಬೀದಿಯ ಅಕ್ಕಸಾಲಿಯಿಂದ ತಕ್ಕಡಿ ತಂದು, ನಿಮ್ಮ ಕೈಯಿಂದ ಮೂವತ್ತು ಸಲ ಅಳೆಸಿ ಒಂದೊಂದನ್ನೂ ತೂಗಿದೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಮೂವತ್ತು ಅಂಕಿಗಳು ಇನ್ನೂ ನನ್ನ ನೋಟುಪುಸ್ತಕದಲ್ಲಿವೆ. ಅಂದರೆ—ನಿಮ್ಮ ಕೈಯ ಅಳತೆ ತಪ್ಪುವುದಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಹೊಡೆದು ನೋಡುವುದಕ್ಕೆ ನನ್ನನ್ನು ಕರೆದೊಯ್ಯುತ್ತಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿ, ಕೆರೆ ಅಂಗಳ, ಬಂದೂಕು—ನಿಮಗೆ ಸರಿ ಕಾಣಲಿಲ್ಲ. ಹಸಿ ಜೇಡಿಮಣ್ಣಿನ ದಿಮ್ಮಿಗಳಿಗೆ ನೀವು ಹೊಡೆದು ತರುತ್ತಿದ್ದಿರಿ. ರಬ್ಬರು ಗುಂಡು ಮಾಡಿದ ಗುಳಿಯ ಆಳವನ್ನು ನಾನು ಅಂಗಡಿಯಲ್ಲಿ ಕುಳಿತು ಅಳೆದು, ನೋಟುಪುಸ್ತಕದ ಕೋಷ್ಟಕದಲ್ಲಿ ಬರೆಯುತ್ತಿದ್ದೆ. ಇಪ್ಪತ್ತು ಮಾರು ದೂರದಿಂದ ಹೊಡೆದದ್ದು, ಹದಿನೈದು ಮಾರು, ಹತ್ತು ಮಾರು. ಅದಕ್ಕಿಂತ ಹತ್ತಿರದ್ದೂ ಬೇಕು ಎಂದೆ. ಕೋಷ್ಟಕ ಅಲ್ಲಿಗೆ ನಿಂತರೆ ನನಗೆ ಸಮಾಧಾನವಿರಲಿಲ್ಲ.

"ಅದರೊಳಗೆ ಬೇಡ," ಎಂದಿರಿ. "ಅಲ್ಲಿ ಅದು ಹೆದರ್ಸೋ ಗುಂಡಲ್ಲ."

ಕೋಷ್ಟಕದ ಕೊನೆಯ ಸಾಲು ಖಾಲಿ ಉಳಿಯಿತು.

ಅಧಿಕಾರಿಗೆ ಕೊಡಬೇಕಾದ ಎರಡು ಪುಟವನ್ನು ಇಂಗ್ಲಿಷಿನಲ್ಲಿ ನಾನೇ ಬರೆದೆ. ಹತ್ತು ಮಾರಿಗಿಂತ ಹತ್ತಿರ ಇದನ್ನು ಹೊಡೆಯಬಾರದು ಎಂದು ನೀವು ಹೇಳಿದಿರಿ. ನಾನು ಹತ್ತು ಗಜ ಎಂದು ಬರೆದೆ. ಯಾಕೆಂದರೆ ನನಗೆ ಗೊತ್ತಿದ್ದ ಮಾರು ಹೂವಿನ ಮಾರು. ನಮ್ಮ ಬೀದಿಗೆ ಬರುವ ಹೂವಿನವಳು ಒಂದು ಕೈ ಚಾಚಿ, ದಾರವನ್ನು ಬೆರಳ ತುದಿಯಿಂದ ಎದೆಯವರೆಗೆ ಎಳೆದು, ಅದನ್ನೇ ಒಂದು ಮಾರು ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಕಂಡದ್ದು ಅದೇ. ಗಜಕ್ಕೂ ಅದಕ್ಕೂ ಹೆಚ್ಚು ಕಡಿಮೆ ಇಲ್ಲ ಎಂದು ನಾನೇ ಲೆಕ್ಕ ಹಾಕಿದೆ—ನಿಮ್ಮನ್ನು ಕೇಳಲಿಲ್ಲ. ಕೇಳುವಂಥದ್ದು ಅಲ್ಲಿ ಏನೂ ಇದೆ ಎನ್ನಿಸಲಿಲ್ಲ.

ಇಲ್ಲಿಯವರೆಗೆ ಅದು ತಪ್ಪು ತಿಳುವಳಿಕೆ. ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ.

ಕಾಗದ ಅಧಿಕಾರಿಯ ಕೈ ಸೇರಿದ ಮೇಲೆ, ಪಿಸ್ತೂಲನ್ನು ಅವರಿಗೆ ಹೊಡೆದು ತೋರಿಸುವ ದಿನಕ್ಕೆ ಎರಡು ದಿನ ಮುಂಚೆ, ಈರಣ್ಣ ಹೊಸ ಬಾವಿಹಗ್ಗ ಕೊಂಡು ಬಂದು ಅಂಗಡಿಯ ಮುಂದೆ ಅಳೆದು ನೋಡುತ್ತಿದ್ದ. ಅಂಗಡಿಯವನು ಕಡಿಮೆ ಕೊಟ್ಟಿದ್ದಾನೆಂದು ಅವನಿಗೆ ಗುಮಾನಿ. ಎರಡೂ ತೋಳನ್ನು ಪೂರ್ತಿ ಚಾಚಿ, ಒಂದು ಅಂಗೈಯಿಂದ ಇನ್ನೊಂದು ಅಂಗೈಯವರೆಗೆ—"ಒಂದು ಮಾರು… ಎರಡು ಮಾರು…"

ನಾನು ಪೆನ್ಸಿಲು ಕೆಳಗಿಟ್ಟೆ. ಒಂದೊಂದು ಮಾರೂ ಎರಡು ಗಜ.

ನೀವು ಒಳಗೆ ಕಬ್ಬಿಣಕ್ಕೆ ಅರ ಹಾಕುತ್ತಿದ್ದಿರಿ. ಎದ್ದು ನಾಲ್ಕು ಹೆಜ್ಜೆ ನಡೆದು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಿಮ್ಮ ಬಟ್ಟಲನ್ನು ನೋಡಿ ನಕ್ಕವಳು ನಾನು. ಲೆಕ್ಕ ತಪ್ಪದವಳು ಎಂದು ಮನೆಯಲ್ಲಿ, ಕಾಲೇಜಿನಲ್ಲಿ ಹೆಸರು. ಮಾರು ಎಂದರೆ ಎಷ್ಟು ಎಂಬುದು ಕುರಿ ಕಾಯುವವನಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ ಎಂದು—ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ. ಹೇಗಿದ್ದರೂ ಮಡಕೆಗಳಿಗೆ ತಾನೇ ಹೊಡೆಯುವುದು, ಆಮೇಲೆ ಸದ್ದಿಲ್ಲದೆ ತಿದ್ದಿದರಾಯಿತು ಎಂದುಕೊಂಡೆ.

ಇದು ಅರ್ಧ ಕಾರಣ. ಇನ್ನರ್ಧವನ್ನು ಇವತ್ತಿನವರೆಗೆ ನನಗೇ ನಾನು ಹೇಳಿಕೊಂಡಿಲ್ಲ. ಹತ್ತು ಗಜ ಎಂದರೆ ಐದು ಮಾರು. ಖಾಲಿ ಉಳಿದಿದ್ದ ಸಾಲು ಅದೇ. ನೀವು ಹೊಡೆಯಲು ಒಪ್ಪದ ಆ ದೂರದಿಂದ ಅಧಿಕಾರಿ ಹೊಡೆದರೆ—ಮಡಕೆಗೇ ಆಗಲಿ—ಏನಾಗುತ್ತದೆ ಎಂದು ನೋಡಬೇಕೆನ್ನಿಸಿತು.

ಕೊರಟಗೆರೆಯ ಹತ್ತಿರದ ಒಣಗಿದ ಕೆರೆಯ ಅಂಗಳ. ಇಂಗ್ಲಿಷಿನಲ್ಲಿ ವಿವರಿಸಬೇಕೆಂದು ಅಂದು ನನ್ನನ್ನೂ ಕರೆದುಕೊಂಡು ಹೋಗಿದ್ದಿರಿ. ಮಡಕೆಗಳನ್ನು ನೀವೇ ದೂರ ದೂರ ಇಟ್ಟಿರಿ. ಸೀಸದ ಗುಂಡಿಗೆ ಒಡೆದವು. ರಬ್ಬರು ಗುಂಡಿಗೆ ಉರುಳಿ ಬಿದ್ದವು, ಒಡೆಯಲಿಲ್ಲ. ಎಡಗೈಯ ಗುಂಡಿಯನ್ನು ಅಧಿಕಾರಿ ಮತ್ತೆ ಮತ್ತೆ ಒತ್ತಿ ನೋಡಿ ತಲೆದೂಗಿದರು. ಆಮೇಲೆ ಕೇಳಿದರು: "ಇದು ತಪ್ಪಿ ಮನುಷ್ಯರಿಗೆ ಬಿದ್ದರೆ? ನಾಳೆ ಜವಾಬು ಕೊಡಬೇಕಾದವನು ನಾನು."

"ನಾನೇ ನಿಲ್ತೀನಿ ಸ್ವಾಮಿ," ಎಂದಿರಿ.

ಜೊತೆಗೆ ಬಂದಿದ್ದ ಈರಣ್ಣನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಹಾಕಿಕೊಂಡಿರಿ. ಅಧಿಕಾರಿ ನನ್ನ ಕಾಗದ ನೋಡಿ, ಟೇಪು ಎಳೆದು, ಹತ್ತು ಗಜಕ್ಕೆ ಒಂದು ಕಲ್ಲಿಟ್ಟರು. ನೀವು ಹೋಗಿ ಅಲ್ಲಿ ನಿಂತು, ತಿರುಗಿ ನೋಡಿದಿರಿ. ನಿಮ್ಮ ಕಣ್ಣಿಗೆ ತಿಳಿಯಿತು. ಅದು ತಿಳಿದದ್ದು ನನಗೆ ಕಂಡಿತು. ಆದರೆ ನೀವು ನಿಮ್ಮ ಕಣ್ಣನ್ನು ನಂಬದೆ ನನ್ನನ್ನು ಕೇಳಿದಿರಿ.

"ಅಮ್ಮಣ್ಣಿ, ವಸಿ ಹತ್ರ ಆದಂಗಿಲ್ವಾ? ಲೆಕ್ಕ ಸರಿ ಐತಾ?"

"ಸರಿ ಇದೆ."

"ಓದ್ದೋರು ಯೋಳುದ್ ಮ್ಯಾಲೆ ಮುಗೀತು, ತಿರೀಕ್ಕಳಣ್ಣ," ಎಂದು ಈರಣ್ಣ ನಕ್ಕ. ನೀವೂ ನಕ್ಕು ಬೆನ್ನು ತಿರುಗಿಸಿದಿರಿ.

ಆಮೇಲಿನದು ನಿಮಗೆ ಗೊತ್ತು. ಅಧಿಕಾರಿ ಹೊಡೆದ ರಬ್ಬರು ಗುಂಡಿಗೆ ಮುರಿದದ್ದು ಬಲ ಭುಜದ ಹಿಂಬದಿಯ ಮೂಳೆ. ಜೀಪಿನಲ್ಲಿ ಮಲಗಿಸಿದಾಗ ನೀವು ನೋವೆಂದು ನರಳಲಿಲ್ಲ, ಒಂದೇ ಮಾತನ್ನು ಹೇಳುತ್ತಿದ್ದಿರಿ: "ಮದ್ದು ಜಾಸ್ತಿ ಆಗ್ಬುಟ್ಟದೆ. ಕೈ ನಡುಗಿರ್ಬೇಕು ನಂದು." ಅಧಿಕಾರಿ ಕಾಗದವನ್ನು ಮಡಿಸಿ ನನಗೆ ವಾಪಸು ಕೊಟ್ಟರು. ಐದು ಅಂಗುಲ ದೂರದಲ್ಲಿ ನಿಮ್ಮ ಮುಖವಿತ್ತು. ಕಾಗದವನ್ನು ನನ್ನ ಚೀಲದೊಳಗೆ ಇಟ್ಟುಕೊಂಡೆ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಇದನ್ನು ಬರೆಯದೆ ಬಿಡಬಹುದಿತ್ತು. ಆ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ನೋಟುಪುಸ್ತಕ ತೆಗೆದು ಕೋಷ್ಟಕದ ಕೊನೆಯ ಸಾಲು ತುಂಬಿದೆ. ಐದು ಮಾರು. ಆಳದ ಕಾಲಂನಲ್ಲಿ ಬರೆಯಲು ಅಂಕಿ ಇರಲಿಲ್ಲ. ‘ಮೂಳೆ’ ಎಂದು ಬರೆದೆ. ಅಕ್ಷರ ದುಂಡಾಗಿದೆ, ಎಲ್ಲೂ ಅಲುಗಿಲ್ಲ.

ನೀವು ಎಡಗೈಯಿಂದಲೇ ಅರ ಹಿಡಿದು ಆ ಎರಡು ನಳಿಗೆಗಳನ್ನೂ ಕತ್ತರಿಸಿ ಹಾಕಿದಿರಿ ಎಂದು ಆಮೇಲೆ ಕೇಳಿದೆ. ಅಂಗಡಿ ಮುಚ್ಚಿ ಸಿರಾದಲ್ಲಿ ಮಗಳ ಮನೆ ಸೇರಿದಿರಿ. ಅದೇ ತಿಂಗಳು ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅಳತೆಯಲ್ಲಿ ದೋಷ ಎಂಬ ಪಾಠವನ್ನು ಪ್ರತಿ ವರ್ಷ ಮೊದಲ ವಾರವೇ ಹೇಳುತ್ತೇನೆ. ಮಕ್ಕಳು ಚೆನ್ನಾಗಿ ಹೇಳುತ್ತೀರಿ ಎನ್ನುತ್ತಾರೆ.

ಕಳೆದ ತಿಂಗಳು ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಈರಣ್ಣ ಸಿಕ್ಕಿದ. ಗುರುತು ಹಿಡಿದು ತಾನೇ ಮಾತಾಡಿಸಿದ. ನೀವು ಹೇಗಿದ್ದೀರಿ ಎಂದು ಕೇಳಿದೆ.

"ಅದೇನ್ ಕೇಳ್ತೀಯ ಕಣಮ್ಮ. ಎಡಗೈ ಗಟ್ಟಿಯಾಗೇ ಐತೆ. ಬೀಗ ರಿಪೇರಿ ಮಾಡ್ಬೌದು, ಒಲಿಗೆ ಮಿಸನ್ ಮಾಡ್ಬೌದು. ಮುಟ್ಟಾಕಿಲ್ಲ. ‘ನನ್ ಅಳತೆ ನಂಬಂಗಿಲ್ಲ ಈರಣ್ಣ, ಅವತ್ತು ನಾನ್ ನಿಂತಿದ್ಕೆ ಸರೋಯ್ತು, ಇನ್ನೊಬ್ರು ನಿಂತಿದ್ರೆ’ ಅಂತಾರೆ. ಮೊಮ್ಮಗೀಗೆ ಔಸ್ದಿ ಚಮಚಕ್ಕೆ ಉಯ್ಯಾಕೂ ಮಗಳ್ನೇ ಕರೀತಾರೆ."

ಅವನ ಬಸ್ಸು ಹೋಯಿತು. ನನ್ನ ಬಸ್ಸೂ ಹೋಯಿತು. ನಾನು ಅಲ್ಲೇ ಕುಳಿತಿದ್ದೆ. ಇಷ್ಟು ವರ್ಷ ನಾನು ಮುರಿದದ್ದು ಒಂದು ಭುಜ ಎಂದುಕೊಂಡಿದ್ದೆ—

ನಿನ್ನೆ ಆ ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದೆ: ವಿನ್ಯಾಸದಲ್ಲಿ ದೋಷವಿರಲಿಲ್ಲ, ದೂರ ತಪ್ಪಾಗಿ ನಮೂದಾಗಿತ್ತು, ನಮೂದಿಸಿದವಳು ನಾನು, ಗೊತ್ತಿದ್ದೂ ಸರಿ ಎಂದವಳು ನಾನು. ಮೂವತ್ತು ತೂಕಗಳನ್ನೂ ನಕಲು ಮಾಡಿ ಲಗತ್ತಿಸಿದೆ. ನಮ್ಮ ಪ್ರಾಂಶುಪಾಲರಿಗೆ ಒಂದು ಪ್ರತಿ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಇದನ್ನು ಈಗ ಯಾಕಮ್ಮ?" ಎಂದರು. ಮೊದಲೇ ಆಗಬೇಕಿದ್ದದ್ದು ಎಂದೆ.

ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನಿಮ್ಮ ಮಗಳು ಓದಿ ಹೇಳಬೇಕಾಗುತ್ತದೆ. ಇದನ್ನು ಅವಳ ಬಾಯಿಂದ ಹೇಳಿಸುವುದು ಸರಿಯಲ್ಲ. ಶುಕ್ರವಾರ ನಮಾಜು ಮುಗಿಸಿ ಬಂದು ನೀವು ನಾಲ್ಕು ಜನರೊಡನೆ ಜಗುಲಿಯ ಮೇಲೆ ಕೂರುತ್ತೀರಂತೆ. ಆ ಹೊತ್ತಿಗೆ ಸಿರಾಗೆ ಬರುತ್ತೇನೆ. ಅವರೆಲ್ಲರ ಎದುರಿಗೇ ಓದುತ್ತೇನೆ. ನನ್ನ ದನಿ ಸಣ್ಣದು—ತರಗತಿಯಲ್ಲೂ ಹಿಂದಿನ ಬೆಂಚಿನವರು ಕೇಳಿಸಲಿಲ್ಲ ಎನ್ನುತ್ತಾರೆ. ಕೇಳಿಸದಿದ್ದರೆ ನಡುವೆಯೇ ನಿಲ್ಲಿಸಿ, ಮೊದಲಿನಿಂದ ಓದು ಎನ್ನಿ. ಎಷ್ಟು ಸಲ ಎಂದರೆ ಅಷ್ಟು ಸಲ ಓದುತ್ತೇನೆ.